ಹಬೆಗುಹೆಯ ಏಳನೆಯ ಬೆಳಗು

ಕಡಲ ನಡುವಿನ ಒಂದು ದ್ವೀಪದಲ್ಲಿ ಬೆಂಕಿ ಕಾರುವ ಬೆಟ್ಟವಿತ್ತು. ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆಗಳು, ಬುಗ್ಗೆಗಳ ಮೇಲೊಂದು ಹಬೆಯ ಗುಹೆ, ಗುಹೆಯ ಪಕ್ಕದಲ್ಲಿ ಒಂದು ಆಶ್ರಮ.

ಕೀಲು ಹಿಡಿದವರು, ಬೆನ್ನು ಬಾಗಿದವರು ದೋಣಿ ಹತ್ತಿ ಅಲ್ಲಿಗೆ ಬರುತ್ತಿದ್ದರು. ಏಳು ಬೆಳಗು ಗುಹೆಯಲ್ಲಿ ಕೂತು, ಹಗುರವಾಗಿ ಹೋಗುತ್ತಿದ್ದರು.

ಅಲ್ಲಿದ್ದದ್ದು ಒಂದೇ ನಿಯಮ. ರೋಗಿಯನ್ನು ಒಳಗೆ ಕಳಿಸುವವರು ಮೊದಲು ತಾವು ಕೂತು ಬರಬೇಕು. ಬೆಟ್ಟದ ಉಸಿರು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಕೆಲವು ದಿನ ಅದನ್ನು ತಾಳುವುದು ಮನುಷ್ಯರಿಂದಾಗದು. ಹಾಗಾಗಿ ದಿನಾ ಬೆಳಗ್ಗೆ ಗುರುಗಳೇ ಕೂತು ಬರುತ್ತಿದ್ದರು.

ಮಿಕ್ಕ ಕೆಲಸವೆಲ್ಲ ಶಿಷ್ಯ ಶಂಖಪಾಲನದು. ರೋಗಿಗಳನ್ನು ಕೈಹಿಡಿದು ಕರೆತರುತ್ತಿದ್ದ, ಹಾಸಲು ಎಲೆ ಕೊಯ್ದು ಗುಹೆಯ ಬಾಯಲ್ಲಿ ಇಡುತ್ತಿದ್ದ. ಒಳಗೆ ಮಾತ್ರ ಕಾಲಿಟ್ಟವನಲ್ಲ. ದ್ವೀಪದ ತುಂಬ ಬಿಸಿನೀರು ಉಕ್ಕುತ್ತಿದ್ದರೂ ಪುಣ್ಯಾತ್ಮ ಬಾವಿಯ ತಣ್ಣೀರಲ್ಲೇ ಮೀಯುತ್ತಿದ್ದ. ಬುಗ್ಗೆಯಲ್ಲಿ ಬೆಂದ ಗೆಣಸನ್ನೂ ತಿನ್ನುತ್ತಿರಲಿಲ್ಲ. ತನ್ನೊಬ್ಬನ ಗೆಣಸಿಗೆ ಸೌದೆ ಒಟ್ಟಿ ಬೇರೆ ಒಲೆ ಹಚ್ಚಿಕೊಳ್ಳುತ್ತಿದ್ದ.

ಅದಕ್ಕೆ ಕಾರಣವಿತ್ತು. ಅವನು ಚಿಕ್ಕವನಿದ್ದಾಗ ಬೆಟ್ಟ ಬಾಯಿ ತೆರೆದು ಅವನ ಊರನ್ನು ನುಂಗಿತ್ತು. ತಾಯಿ ಹೋದಳು. ಅವನು ಉಳಿದ. ಬಲಭುಜ ಸುಟ್ಟು, ಆ ಕೈ ಎದೆಗಿಂತ ಮೇಲೆ ಏಳದಂತಾಯಿತು.

ಒಂದು ಬೆಳಗ್ಗೆ ಗುರುಗಳು ಒದ್ದೆ ಬಂಡೆಯ ಮೇಲೆ ಜಾರಿ ಬಿದ್ದರು. ಪಾದ ಊದಿಕೊಂಡಿತು, ನೆಲಕ್ಕೆ ಊರಲಾಗಲಿಲ್ಲ.

ಗುಹೆಯ ಮುಂದೆ ಬಲೆ ಹೆಣೆಯುವ ಮುದುಕಿ ಕಾಳವ್ವ ಕಾಯುತ್ತಿದ್ದಳು. ಅವಳಿಗೆ ಅದು ಏಳನೆಯ ಬೆಳಗು. ಮುದುಡಿಕೊಂಡಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡಿದ್ದವು. ಬಲಗೈಯ ಹೆಬ್ಬೆರಳೊಂದು ಉಳಿದಿತ್ತು. ಮಧ್ಯಾಹ್ನಕ್ಕೆ ಅವಳ ದೋಣಿ ಹೊರಡುವುದಿತ್ತು.

“ಶಂಖಪಾಲ, ಇವತ್ತು ನೀನು ಕೂತು ಬಾ,” ಎಂದರು ಗುರುಗಳು.

“ನನ್ನಿಂದಾಗದು, ಗುರುಗಳೇ.”

“ಹೆದರಿಕೆಯೇ?”

“ಹೆದರಿಕೆಯೂ ಹೌದು, ಸಿಟ್ಟೂ ಹೌದು. ಬೆಟ್ಟಕ್ಕೂ ನನ್ನ ಮೇಲೆ ಹಗೆಯಿದೆ. ಅಂದು ಅದರ ಬಾಯಿಂದ ತಪ್ಪಿಸಿಕೊಂಡವನು ನಾನು. ಒಳಗೆ ಹೋದರೆ ಗುರುತು ಹಿಡಿಯುತ್ತದೆ, ಬಿಡುವುದಿಲ್ಲ.”

ಗುರುಗಳು ಮೊಣಕಾಲೂರಿ, ಅಂಬೆಗಾಲಿಡುತ್ತ ತಾವೇ ಗುಹೆಯ ಕಡೆ ಹೊರಟರು.

“ಬ್ಯಾಡಿ ಸ್ವಾಮಿ,” ಎಂದಳು ಕಾಳವ್ವ. “ಒಂಬತ್ತು ಬೆರಳು ಬಂದವಲ್ಲ, ಸಾಕು. ಬಲೆ ಹೆಣೆಯೋದನ್ನ ಸೊಸೆ ನೋಡ್ಕೋತಾಳೆ.”

ಹಾಗೆಂದವಳು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಶಂಖಪಾಲ ಆ ಸೆರಗನ್ನು ನೋಡಿದ. ಅವನಿಗೆ ನಾಚಿಕೆಯಾಯಿತು. ಗುರುಗಳನ್ನು ಹಿಡಿದು ಬಂಡೆಯ ಮೇಲೆ ಕೂರಿಸಿ, ತಲೆ ತಗ್ಗಿಸಿ ಗುಹೆಯೊಳಗೆ ಹೊಕ್ಕ.

ಒಳಗೆ ಕತ್ತಲು. ಕಾಲಡಿಯ ಬಂಡೆ ಸಣ್ಣಗೆ ನಡುಗುತ್ತಿತ್ತು. ಎಲ್ಲೋ ಆಳದಲ್ಲಿ ನೀರು ಕುದಿಯುವ ಸದ್ದು, ಅದಕ್ಕಿಂತ ಆಳದಲ್ಲಿ ಇನ್ನೊಂದು ಸದ್ದು. ಅದು ಏನೆಂದು ಅವನಿಗೆ ತಿಳಿಯಲಿಲ್ಲ. ಹಬೆ ಬಂದು ಅವನನ್ನು ಮುಚ್ಚಿತು. ಅವನು ಕಣ್ಣು ಮುಚ್ಚಿ, ಬೆಟ್ಟ ತನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಕಾದ.

ಕರೆಯಲಿಲ್ಲ.

ಹಬೆ ಅವನ ಮುಖದ ಮೇಲೆ, ಸುಟ್ಟ ಭುಜದ ಮೇಲೆ, ಪಕ್ಕದ ಕಲ್ಲಿನ ಮೇಲೆ, ಗೋಡೆಯ ಪಾಚಿಯ ಮೇಲೆ ಒಂದೇ ಸಮ ಹರಿಯುತ್ತಿತ್ತು. ಲೋಕ ಹುಟ್ಟಿದಂದಿನಿಂದ ಅದು ಹಾಗೆಯೇ ಹರಿಯುತ್ತಿತ್ತೇನೋ. ಅವನಿಗೆ ಮೈ ಜುಮ್ಮೆಂದಿತು. ಇಷ್ಟು ದೊಡ್ಡದರ ಮಡಿಲಲ್ಲಿ ಕೂತಿದ್ದೇನೆ ಅನ್ನಿಸಿ ಬಹಳ ಹೊತ್ತು ಅತ್ತ.

ಹೊರಗೆ ಬಂದಾಗ ಅವನ ಬಲಗೈ ಹಣೆಯ ಬೆವರು ಒರೆಸುತ್ತಿತ್ತು. ಅದು ಅಷ್ಟೆತ್ತರಕ್ಕೆ ಯಾವಾಗ ಏರಿತೆಂದು ಅವನಿಗೇ ಗೊತ್ತಾಗಲಿಲ್ಲ.

“ಹಬೆ ಹದವಾಗಿದೆ, ಅವ್ವ. ಹೋಗಿ ಕೂತ್ಕೊಳ್ಳಿ,” ಎಂದ.

ಮಧ್ಯಾಹ್ನ ದೋಣಿ ಹತ್ತುವಾಗ ಕಾಳವ್ವ ಸೆರಗಿನ ಅಂಚನ್ನು ಬಲಗೈಯ ಹೆಬ್ಬೆರಳಿಂದ ಒತ್ತಿ ಹಿಡಿದಿದ್ದಳು. ದೋಣಿ ದೂರವಾಗುವ ತನಕ ಗುರು ಶಿಷ್ಯರಿಬ್ಬರೂ ಬುಗ್ಗೆಯ ಅಂಚಿನಲ್ಲಿ ಕೂತು ನೋಡಿದರು.

“ಗುರುಗಳೇ, ನನ್ನ ತಾಯಿಯನ್ನು ಸುಟ್ಟದ್ದು ಇದೇ ಬೆಂಕಿಯೇ?”

“ಇದೇ.”

“ಆ ಮುದುಕಿಯ ಬೆರಳು ಬಿಚ್ಚಿದ್ದು?”

“ಅದೂ ಇದೇ.”

ಶಂಖಪಾಲ ತಲೆಯೆತ್ತಿ ಬೆಟ್ಟದ ತುದಿಯನ್ನು ನೋಡಿದ. ಅಲ್ಲಿ ತೆಳ್ಳಗೆ ಹೊಗೆಯಾಡುತ್ತಿತ್ತು.

“ಒಳಗೆ ಅದು ನಿನ್ನ ಗುರುತು ಹಿಡಿಯಿತೇ?” ಎಂದು ಗುರುಗಳು ಕೇಳಿದರು.

“ಇಲ್ಲ.”

ಗುರುಗಳು ಊದಿದ ಪಾದವನ್ನು ಮೆಲ್ಲಗೆ ಬುಗ್ಗೆಯ ನೀರಿಗೆ ಇಳಿಬಿಟ್ಟರು.

“ಅಂದೂ ಹಿಡಿದಿರಲಿಲ್ಲ, ಮಗೂ.”