ಬಳೆಗಾರನ ಬೆರಳುಗಳು

"ಗುರುಗಳೇ, ನೀವು ಕೊಟ್ಟ ಸಾಧನೆಯಿಂದ ನನ್ನ ಮನಸ್ಸು ಕೆಟ್ಟಿದೆ. ಹಿಂದೆ ಯಾರಿಗೆ ಏನು ಅಂದರೂ ನಿಶ್ಚಿಂತೆಯಾಗಿ ಮಲಗುತ್ತಿದ್ದೆ. ಈಗ ಒಬ್ಬರನ್ನು ಗದರಿದರೂ ದಿನವಿಡೀ ಒಳಗೆ ಉರಿಯುತ್ತದೆ. ನದಿಯಾಚೆಯ ಮಠದಲ್ಲಿ ಕೂಡಲೇ ನೆಮ್ಮದಿ ಕೊಡುವ ಮಂತ್ರವಿದೆಯಂತೆ. ಅಲ್ಲಿಗೆ ಹೋಗಲೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಹಣೆ ಹಣೆ ಚಚ್ಚಿಕೊಂಡರು. "ನಿನಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಇನ್ನು ಉಪದೇಶ ಮಾಡುವುದಿಲ್ಲ. ಒಂದು ಕತೆ ಹೇಳುತ್ತೇನೆ, ಬಾಯಿ ಮುಚ್ಚಿಕೊಂಡು ಕೇಳು" ಎಂದರು.

ಒಬ್ಬ ಬಳೆಗಾರನಿದ್ದ. ಹೆಂಗಸರ ಕೈಯನ್ನು ಮೃದುವಾಗಿ ಅದುಮಿ, ಗಾಜಿನ ಬಳೆ ಒಡೆಯದಂತೆ, ನೋವಾಗದಂತೆ ತೊಡಿಸುತ್ತಿದ್ದ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಅವನ ಬೆರಳಿಗೇ ತಿಳಿಯುತ್ತಿತ್ತು. ಒಮ್ಮೆ ಎಡವಿ ತನ್ನದೇ ಬಳೆಗಳ ಮಲಾರದ ಮೇಲೆ ಬಿದ್ದ. ಗಾಜು ಮಣಿಕಟ್ಟಿಗೆ ಹೊಕ್ಕು ನರಕ್ಕೆ ಪೆಟ್ಟಾಯಿತು. ಗಾಯ ಮಾಯ್ದರೂ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳು ಮರಗಟ್ಟಿಯೇ ಉಳಿದವು. ಬೆರಳಿಗೆ ಸ್ಪರ್ಶ ತಿಳಿಯದಿದ್ದರೆ ಅವನ ಕಸುಬೇ ಮುಗಿದಂತೆ.

ಅವನು ವೈದ್ಯನ ಬಳಿಗೆ ಹೋದ. ವೈದ್ಯ ಒಂದೆಲಗದ ರಸವನ್ನು ಕುಡಿಯಲು ಕೊಟ್ಟ. "ನರ ಬಲು ನಿಧಾನವಾಗಿ ಚಿಗುರುತ್ತದೆ. ಚಿಗುರುವಾಗ ಉರಿಯುತ್ತದೆ. ಆಗ ಹೆದರಿ ಬಿಟ್ಟುಬಿಡಬೇಡ" ಎಂದು ಎಚ್ಚರಿಸಿದ. ಬಳೆಗಾರ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನೂ ನಿನ್ನಷ್ಟೇ ಗಟ್ಟಿಗ.

ಮಳೆಗಾಲ ಕಳೆಯಿತು. ಒಂದು ದಿನ ಆ ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ಆಮೇಲೆ ಉರಿ ಹತ್ತಿಕೊಂಡಿತು. ಬಳೆಗಾರ ವೈದ್ಯನ ಮನೆಗೆ ಓಡಿಬಂದು ಜಗಳಕ್ಕೇ ನಿಂತ.

"ನೋವಾಗದ ಹಂಗೆ ಬಳೆ ತೊಡಿಸೋನೇ ಬಳೆಗಾರ. ನೋವು ಮಾಡೋನು ಯಾವ ಸೀಮೆ ವೈದ್ಯ? ಇಷ್ಟು ದಿನ ಕೈ ತಣ್ಣಗಿತ್ತು. ನಿನ್ನ ಸೊಪ್ಪಿನ ರಸ ಕುಡಿದೇ ಕೆಟ್ಟಿತು!"

"ಅಯ್ಯೋ ಪುಣ್ಯಾತ್ಮ, ನರ ಚಿಗುರ್ತಿದೆ ಅಂತ ಕುಣಿಯೋದು ಬಿಟ್ಟು ಬೈಯೋಕೆ ಬಂದಿದ್ದೀಯಲ್ಲ! ಮೊದಲ ದಿನವೇ ಬಡಕೊಂಡಿರಲಿಲ್ವಾ ನಾನು? ಇನ್ನೊಂದಿಷ್ಟು ದಿನ ತಡಕೋ" ಎಂದು ವೈದ್ಯ ಕೂಗಾಡಿದ.

ಬಳೆಗಾರ ಕೇಳಲಿಲ್ಲ. ರಸದ ಕುಡಿಕೆಯನ್ನು ಅಲ್ಲೇ ಕುಕ್ಕಿ ಪಕ್ಕದೂರಿನ ಇನ್ನೊಬ್ಬ ವೈದ್ಯನ ಬಳಿಗೆ ಹೋದ. ಅವನು ಉಮ್ಮತ್ತಿಯ ಎಲೆ ಅರೆದು ಲೇಪ ಹಚ್ಚಿದ. ಬೆರಳುಗಳು ಮತ್ತೆ ಮರಗಟ್ಟಿದವು, ಉರಿ ನಿಂತಿತು. "ವೈದ್ಯ ಅಂದ್ರೆ ಇವನಪ್ಪ" ಎಂದು ಬಳೆಗಾರ ಊರೆಲ್ಲ ಹೊಗಳುತ್ತ ತಿರುಗಿದ. ನಿತ್ಯವೂ ಲೇಪ ಹಚ್ಚಿಕೊಂಡ. ಒಂದೆಲಗದ ಕಡೆ ತಿರುಗಿಯೂ ನೋಡಲಿಲ್ಲ. ನೋವಿಲ್ಲ ಎಂದಮೇಲೆ ಗುಣವಾಯಿತು ಎಂದುಕೊಂಡು ಮತ್ತೆ ಮಲಾರ ಹೊತ್ತ. ಇಂಥವರಿಗೆ ಯಾರು ತಾನೇ ಏನು ಹೇಳಬೇಕು!

ಮೊದಲ ಕರೆ ಬಂದದ್ದು ಒಂದು ಸೀಮಂತದ ಮನೆಯಿಂದ. ಬಸುರಿಯ ಕೈಗೆ ಹಸಿರು ಬಳೆ ಏರಿಸುವಾಗ ಅದು ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತು. ಅವನ ಬೆರಳಿಗೆ ತಿಳಿಯಲಿಲ್ಲ. ಇನ್ನೂ ಒತ್ತಿದ. ಬಳೆ ಒಡೆಯಿತು. ಹುಡುಗಿ ಚೀರಿದಳು. ಅವನು ತಲೆಯೆತ್ತಿ ಅವಳ ಮುಖ ನೋಡಿದ, ಒತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅವಳ ತಾಯಿ ಅವನ ಕೈಯನ್ನು ಎಳೆದು ಬಿಡಿಸಬೇಕಾಯಿತು. ಆಮೇಲೆ ಆ ಸೀಮೆಯಲ್ಲಿ ಯಾವ ಹೆಣ್ಣೂ ಅವನ ಮುಂದೆ ಕೈ ಚಾಚಲಿಲ್ಲ.

ಚೆನ್ನವೀರ ಮೆಲ್ಲಗೆ ಕೇಳಿದ: "ಗಾಜು ಅವನ ಬೆರಳಿಗೂ ಹೊಕ್ಕಿರಬೇಕಲ್ಲ, ಗುರುಗಳೇ? ಅವನಿಗೆ ನೋಯಲಿಲ್ಲವೇ?"

"ಇಲ್ಲ, ನೀನು ಹುಡುಕಿಕೊಂಡು ಹೊರಟಿರುವ ನೆಮ್ಮದಿ ಅವನಿಗೆ ಪೂರ್ತಿ ಸಿಕ್ಕಿತ್ತು."