ಈರಕ್ಕನಿಗೆ ಹೇಳಿದ ಮಾತು

ಹೊಳೆದಂಡೆಯ ಆಶ್ರಮದಲ್ಲಿ ಬೊಪ್ಪಯ್ಯ ಗುರುಗಳು ಕಿವಿಯ ಕಾಯಿಲೆಗೆ ಔಷಧಿ ಕೊಡುತ್ತಿದ್ದರು. ಶಿಷ್ಯ ಹಾಲಪ್ಪ ಒಂಬತ್ತು ವರ್ಷ ಅವರ ಬಳಿ ಕಲಿತು, ಗಂಟೆ ಬಾರಿಸಿಯೇ ಕಿವಿಯ ಶಕ್ತಿ ಅಳೆಯುವಷ್ಟು ಪಳಗಿದ್ದ.

ಒಂದು ಬೆಳಗ್ಗೆ ಕುಂಬಾರರ ಈರಕ್ಕನನ್ನು ಅವಳ ಮಗ ಮಲ್ಲೇಶಿ ಕರೆತಂದ.

ಹಾಲಪ್ಪ ಆಕೆಯ ಬೆನ್ನ ಹಿಂದೆ ನಿಂತು ಸಣ್ಣ ಗಂಟೆ ಬಾರಿಸಿದ. ಆಕೆ ತಿರುಗಲಿಲ್ಲ. ದೊಡ್ಡದನ್ನು ಬಾರಿಸಿದ. ಆಗಲೂ ಇಲ್ಲ. ಕಿವಿಯೊಳಗೆ ಇಣುಕಿದ, ಗುಗ್ಗೆಯಿಲ್ಲ, ಕೀವಿಲ್ಲ.

"ಒಳಗಿನ ನರವೇ ಸತ್ತಿದೆಯಪ್ಪ," ಎಂದ ಮಲ್ಲೇಶಿಗೆ. "ಇದಕ್ಕೆ ಔಷಧಿ ಇಲ್ಲ. ಕರ್ಕೊಂಡು ಹೋಗು."

ಈರಕ್ಕ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹೊರಳಿಸಿದಳು. "ಏನಂದ್ರು ಮಗಾ?"

ಏನಿಲ್ಲ ಎನ್ನುವಂತೆ ಮಗ ಕೈಯಾಡಿಸಿದ. ಆಕೆ ಸೆರಗು ಸರಿಮಾಡಿಕೊಂಡು ಎದ್ದಳು.

ಜಗಲಿಯಲ್ಲಿ ಬೇರು ತೇಯುತ್ತಿದ್ದ ಗುರುಗಳು ಕೈ ಒರೆಸಿಕೊಂಡು ಬಂದರು. ಆಕೆಯನ್ನು ಬೆಳಕಿಗೆ ಕರೆದು ಕಟ್ಟೆಯ ಮೇಲೆ ಕೂರಿಸಿದರು. ತಾವು ಎದುರಿಗೆ, ನೆಲದ ಮೇಲೆ ಕೂತರು. ಹಾಲಪ್ಪ ಗಾಬರಿಯಾಗಿ ಮಣೆ ತರಲು ಹೊರಟ. ಗುರುಗಳು ಬೇಡವೆಂದರು.

"ಅವ್ವಾ," ಎಂದರು. ಕೂಗಲಿಲ್ಲ, ಒಂದೊಂದೇ ಮಾತನ್ನು ಬಿಡಿಸಿ ಆಡಿದರು. "ನಿಮಗೆ ಇನ್ನು ಕಿವಿ ಕೇಳಿಸೋದಿಲ್ಲ. ವಾಸಿ ಮಾಡೋದು ನಮ್ಮ ಕೈಲಿ ಆಗೋದಿಲ್ಲ."

ಆಕೆ ಅವರ ತುಟಿಗಳನ್ನೇ ನೋಡಿದಳು. ಗುರುಗಳು ಅದೇ ಮಾತನ್ನು ಇನ್ನೊಮ್ಮೆ ಹೇಳಿದರು.

ಆಕೆ ಅತ್ತುಬಿಡುತ್ತಾಳೆ ಎಂದುಕೊಂಡ ಹಾಲಪ್ಪ. ಆಕೆ ಅಳಲಿಲ್ಲ.

"ಕಿವಿ ಹೋಗೈತೆ ಅಂತ ನಂಗೊತ್ತು ಸ್ವಾಮೇರ. ಆರು ವರ್ಷ ಆಯ್ತು. ನನ್ನ ವಿಚಾರಾನ ನನಗೇ ಹೇಳಿದೋರು ನೀವೇ ಮೊದಲು."

"ನಿಮಗೆ ಏನಾಗಬೇಕು ಅವ್ವಾ?"

ಅದೂ ಎರಡನೆಯ ಸಲಕ್ಕೆ ಆಕೆಗೆ ತಿಳಿಯಿತು.

"ಮೊಮ್ಮಗಳು ಹತ್ರ ಬಂದು ಏನೇನೋ ಹೇಳ್ತಾಳೆ. ನಂಗೆ ತಿಳೀಲಿಲ್ಲ ಅಂತ ಓಡಿಹೋಗ್ತಾಳೆ. ಅವಳ ಮಾತು ಒಂದಾದ್ರೂ ತಿಳಿದ್ರೆ ಸಾಕು."

ಗುರುಗಳು ಎದ್ದು ಮಲ್ಲೇಶಿಯನ್ನು ತಮ್ಮ ಜಾಗದಲ್ಲಿ ಕೂರಿಸಿದರು. "ಮೊದಲು ಕೈ ಮುಟ್ಟು. ಅವರು ನಿನ್ನ ಮುಖ ನೋಡಲಿ. ಆಮೇಲೆ ನಿಧಾನಕ್ಕೆ ಮಾತಾಡು. ಮಗಳಿಗೂ ಇದನ್ನೇ ಕಲಿಸು."

ಮಲ್ಲೇಶಿ ಮುಂದಕ್ಕೆ ಸರಿದ. ತಾಯಿಯ ಕೈ ಹಿಡಿದ.

"ಅವ್ವಾ, ಹಸಿವಾಯ್ತಾ?"

ಮೂರು ಸಲ ಕೇಳಬೇಕಾಯಿತು. ಈರಕ್ಕನ ಮುಖ ಅರಳಿತು.

"ಹೂಂ ಮಗಾ, ಹಸಿವಾಗೈತೆ. ನಿಂಗೆ?"

ಒಂದು ಹನಿ ಔಷಧಿಯೂ ಆ ಕಿವಿಗೆ ಬಿದ್ದಿರಲಿಲ್ಲ. ಆರು ವರ್ಷ ಮಾತು ನಿಂತುಹೋಗಿದ್ದ ತಾಯಿ ಮಗ ಹಾಲಪ್ಪನ ಕಣ್ಣೆದುರೇ ಮಾತಾಡುತ್ತಿದ್ದರು.

ಅವರಿಬ್ಬರೂ ದೋಣಿ ಹತ್ತಲು ಹೊಳೆಯ ಕಡೆ ಹೊರಟರು. ದಾರಿಯಲ್ಲಿ ಮಗ ಎರಡು ಸಲ ನಿಂತು, ತಾಯಿಯ ಎದುರಿಗೆ ಬಂದು ಏನೋ ಹೇಳಿದ. ಹಾಲಪ್ಪ ಬೆರಗಾಗಿ ನೋಡುತ್ತಲೇ ಇದ್ದ.

"ಗುರುಗಳೇ, ನನ್ನ ಪರೀಕ್ಷೆ ತಪ್ಪಾಗಿತ್ತೇ?"

"ಇಲ್ಲ. ಸರಿಯಾಗಿತ್ತು."

"ಹಾಗಾದರೆ ನಾನು ಎಡವಿದ್ದೆಲ್ಲಿ?"

"ನನ್ನನ್ನೇಕೆ ಕೇಳುತ್ತೀ? ಆಕೆ ಇನ್ನೂ ದೋಣಿ ಹತ್ತಿಲ್ಲ."