ಮುಟ್ಟಿದರೆ ಮುನಿಗೊಂದು ಹಲಗೆ

ಬಂಗಲೆಯ ತೋಟದ ಪ್ರತಿ ಗಿಡಕ್ಕೂ ಹೆಸರು, ಉಪಯೋಗ ಬರೆದ ಹಲಗೆ ಇರಬೇಕೆಂದು ಅಮಲ್ದಾರರ ಆಜ್ಞೆ. ತೋಟ ನೋಡಲು ಊರಿನ ದೊಡ್ಡವರೆಲ್ಲ ಬಂದು ಕುರ್ಚಿಗಳಲ್ಲಿ ಕುಳಿತರು. ಅಮಲ್ದಾರರು ಮಾತ್ರ ನಿಂತೇ ಇದ್ದರು. ಬೇಲಿಯ ಪಕ್ಕ ಹಲಗೆಯಿಲ್ಲದ ಮುಟ್ಟಿದರೆ ಮುನಿ ಅವರ ಕಣ್ಣಿಗೆ ಬಿತ್ತು.

“ಈ ಕಳೆ ಯಾಕೋ ಇನ್ನೂ ಇದೆ, ಸೋಮಾರಿ? ನಾಳೆಯಿಂದ ಕೆಲಸಕ್ಕೆ ಬರಬೇಡ!”

ಮಾಲಿ ಕೈಮುಗಿದ. “ಕಳೆಯಲ್ಲ ಬುದ್ಧಿ, ಮೂಲವ್ಯಾಧಿಗೆ ಪಂಡಿತರು ಹೇಳುವ ಔಷಧಿ. ಹಲಗೆ ಈಗಲೇ ಬರೆಸುತ್ತೇನೆ. ಉಪಯೋಗವನ್ನಷ್ಟೇ ಬರೆಸಲೋ, ದಿನವೂ ಯಾರಿಗೆ ಅರೆದು ಕೊಡುತ್ತೇನೆ ಅನ್ನುವುದನ್ನೂ ಬರೆಸಲೋ?”

ಅಮಲ್ದಾರರ ಮುಖ ಆ ಗಿಡದಂತೆಯೇ ಮುದುಡಿತು. “ಹಲಗೆ ಬೇಡ. ಗಿಡ ಇರಲಿ. ನೀನೂ ಇರು.”

ಮರುದಿನ ಆ ದೊಡ್ಡವರಲ್ಲಿ ಮೂವರು, ಒಬ್ಬರಿಗೊಬ್ಬರು ಕಾಣದಂತೆ ಹಿತ್ತಿಲ ಬಾಗಿಲಿಗೆ ಬಂದು, “ನಮಗೂ ಒಂದು ಹಿಡಿ ಕೊಡಪ್ಪ” ಎಂದು ಮಾಲಿಯನ್ನು ಕೇಳಿದರು.